ಟೇಲರಮ್ಮನ ಕಂಪ್ಯೂಟರ್ ಪುಕ್ಕಟೆ ಕೆಲಸಕ್ಕೆ ನಿಂತದ್ದು

ಟೇಲರಮ್ಮನ ಮನೆಯಲ್ಲಿ ಬಟ್ಟೆ ತೊಡದ ಸಾಮಾನು ಒಂದೂ ಇಲ್ಲ. ಟಿ.ವಿ.ಗೆ ಹೂವಿನ ಕವರು, ಫ್ರಿಜ್ಜಿನ ತಲೆಗೆ ಜಾಲರಿ ಕವರು, ಮಿಕ್ಸಿಗೆ ಟೊಪ್ಪಿ, ಗ್ಯಾಸ್ ಸಿಲಿಂಡರಿಗೆ ನೆರಿಗೆ ಹಿಡಿದ ಲಂಗ. "ಆ ಮನೇಲಿ ಒಂದೇ ಕಡೆ ತುಂಬ ಹೊತ್ತು ಕೂರಬೇಡಿ, ಅಳತೆ ತೆಗೆದುಬಿಡ್ತಾರೆ" ಎಂದು ಬೀದಿಯವರು ನಗುತ್ತಾರೆ. ಟೇಲರಮ್ಮ ಅದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಹೊಲಿಗೆ ಮನೆಯಲ್ಲಿ ನೂಲಿನ ಧೂಳು ಹೇಗೆ ಹಾರುತ್ತದೆ ಎನ್ನುವುದು ಹೊಲಿಯುವವರಿಗೇ ಗೊತ್ತು. ಕತ್ತರಿಸಿದ ಬಟ್ಟೆಯ ಅಂಚಿನಿಂದ ಎದ್ದ ಸಣ್ಣ ಎಳೆ ತಲೆಗೂದಲಲ್ಲಿ, ಕಣ್ಣ ರೆಪ್ಪೆಯಲ್ಲಿ, ಚಹಾ ಲೋಟದಲ್ಲಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಹೋಗಿ ಕೂರುತ್ತದೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಗೋಡೆಗೆ ಹೊಲಿಗೆ ಮೆಷಿನ್ನುಗಳು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಕಿಟಕಿಯ ಪಕ್ಕ ಇಸ್ತ್ರಿ ಮೇಜು. ಮೂಲೆಯಲ್ಲಿ ಕಸೂತಿ ಮೆಷಿನ್ನು, ಅದರ ಪಕ್ಕದಲ್ಲಿ ಕಂಪ್ಯೂಟರ್. ಕಂಪ್ಯೂಟರ್ ಸೊಸೆಯ ಪಾಲಿನದು. ಶಾಲೆಗಳ ಬ್ಯಾಡ್ಜು, ಆಟದ ತಂಡಗಳ ಗುರುತು, ಹೋಟೆಲ್ ಕೆಲಸಗಾರರ ಜೇಬಿನ ಮೇಲಿನ ಹೆಸರು, ಇವೆಲ್ಲ ಡಿಸೈನುಗಳನ್ನು ಅವಳು ಅದರಲ್ಲಿ ಬರೆದು, ಪೆನ್ ಡ್ರೈವಿನಲ್ಲಿ ತುಂಬಿ ಕಸೂತಿ ಮೆಷಿನ್ನಿಗೆ ಕೊಡುತ್ತಾಳೆ. ಮೆಷಿನ್ನು ಟಕಟಕ ಹೊಲಿದು ಹಾಕುತ್ತದೆ. ಅಂಗಡಿಯ ಅರ್ಧ ಅನ್ನ ಈಗ ಅದರಿಂದಲೇ.

ಇನ್ನರ್ಧ ಒಂದು ಕಾಲಕ್ಕೆ ತಂಗಿಯ ಕೈಯಿಂದ ಬರುತ್ತಿತ್ತು. ಟೇಲರಮ್ಮನ ಒಡಹುಟ್ಟಿದ ತಂಗಿ. ಇಬ್ಬರೂ ಸೇರಿಯೇ ಈ ಅಂಗಡಿ ಕಟ್ಟಿದವರು. ಅಕ್ಕನದು ಕತ್ತರಿ, ತಂಗಿಯದು ಸೂಜಿ. ಗುಂಡಿ ತೂರುವ ಕಾಜಾವನ್ನು ಕೈಯಲ್ಲಿ ಹಾಕುವುದರಲ್ಲಿ ಅವಳನ್ನು ಮೀರಿಸಿದವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ. ಆಮೇಲೆ ಕೈ ನಡುಗಲು ಶುರುವಾಯಿತು. ಮೊದಲು ಸೂಜಿಗೆ ದಾರ ಪೋಣಿಸುವಾಗ, ಆಮೇಲೆ ಚಮಚ ಹಿಡಿಯುವಾಗ. ನರಗಳ ಕಾಯಿಲೆ ಎಂದರು ಡಾಕ್ಟರು. ಮಾತ್ರೆಯಲ್ಲಿ ಹಿಡಿತಕ್ಕೆ ತರಬಹುದು, ಬುಡಸಮೇತ ಕಿತ್ತುಹಾಕುವ ಔಷಧಿ ಇನ್ನೂ ಬಂದಿಲ್ಲ ಎಂದರು.

ಈಗ ತಂಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಾಳೆ. ಬೇರೆ ಮಾಡುವಷ್ಟು ಗುಂಡಿ ಇಲ್ಲದ ದಿನ, ಬೇರೆ ಮಾಡಿಟ್ಟದ್ದನ್ನೇ ಕಲಸಿ ಮತ್ತೆ ಬೇರೆ ಮಾಡುತ್ತಾಳೆ. ಒಂದು ದಿನ ಅವಳು ನಗುನಗುತ್ತಲೇ ಅಂದಳು: "ಅಕ್ಕ, ಕೂತು ಕೂತು ನಾನೂ ಈ ಮನೆಯ ಒಂದು ಸಾಮಾನಾಗಿದ್ದೀನಿ. ನನಗೂ ಒಂದು ಕವರ್ ಹೊಲಿದುಬಿಡು."

ಸೊಸೆ ನಕ್ಕಳು. ಟೇಲರಮ್ಮ ನಗಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮೌಸ್ ಮೇಷ್ಟ್ರು ಪ್ಯಾಂಟು ಹಿಡಿದುಕೊಂಡು ಬಂದರು. ಪಕ್ಕದ ಬೀದಿಯ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವರು. ಶಾಲೆಯ ಮೌಸುಗಳ ಮೇಲೆ ನಂಬಿಕೆಯಿಲ್ಲದೆ ಸ್ವಂತದ್ದೊಂದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾರೆ, ಬಾಲ ಹೊರಗೆ ನೇತಾಡುತ್ತಿರುತ್ತದೆ. ಹಾಗಾಗಿ ಆ ಹೆಸರು.

"ಈ ಸಲ ಸೊಂಟ ಎಷ್ಟು ಬಿಚ್ಚಲಿ ಮೇಷ್ಟ್ರೇ?" ಟೇಲರಮ್ಮ ಕೇಳಿದಳು.

"ಒಳಗೆ ಎಷ್ಟು ಬಟ್ಟೆ ಇದೆಯೋ ಅಷ್ಟೂ ಬಿಚ್ಚಿಬಿಡಿ. ಮುಂದಿನ ಸಲ ಬರೋ ಕಷ್ಟ ತಪ್ಪುತ್ತೆ."

ಹೇಳುತ್ತಲೇ ಮೇಷ್ಟ್ರ ಕಣ್ಣು ಮೂಲೆಗೆ ಹೋಯಿತು. ಕಂಪ್ಯೂಟರ್ ಆನ್ ಆಗಿತ್ತು, ಮುಂದೆ ಯಾರೂ ಇರಲಿಲ್ಲ.

"ಬೆಳಿಗ್ಗೆ ಒಂದು ಡಿಸೈನ್ ಮಾಡಿದೆ ಸರ್, ಮಧ್ಯಾಹ್ನ ಇನ್ನೊಂದಿದೆ. ನಡುವೆ ಆರಿಸಿ ಹಚ್ಚೋದು ಯಾಕೆ ಅಂತ ಬಿಟ್ಟಿದ್ದೀನಿ" ಎಂದಳು ಸೊಸೆ.

"ನಮ್ಮ ಮನೇದೂ ಹೀಗೇ ಕೈ ಕಟ್ಟಿ ಕೂತಿರ್ತಿತ್ತು. ಈಗ ಆ ಹೊತ್ತಲ್ಲಿ ವಿಜ್ಞಾನಿಗಳ ಕೆಲಸ ಮಾಡ್ತಿರುತ್ತೆ."

"ನಿಮ್ಮ ಮನೇಲಿ ವಿಜ್ಞಾನಿಗಳ ಕೆಲಸವಾ?" ಟೇಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮೂಗು ಮುರಿದಳು.

ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. ಅವರಿಗೆ ಅಷ್ಟು ಸಾಕಿತ್ತು. "ನೋಡಿ, ದೊಡ್ಡ ದೊಡ್ಡ ಸಂಶೋಧನೆಗಳಲ್ಲಿ ಬೆಟ್ಟದಷ್ಟು ಲೆಕ್ಕ ಇರುತ್ತೆ. ಒಂದೇ ಕಂಪ್ಯೂಟರಿಗೆ ಕೊಟ್ರೆ ನಮ್ಮ ಆಯುಷ್ಯದಲ್ಲಿ ಮುಗಿಯಲ್ಲ. ಅದಕ್ಕೆ ಆ ಲೆಕ್ಕವನ್ನ ಸಣ್ಣ ಸಣ್ಣ ತುಂಡು ಮಾಡಿ, ಮನಸ್ಸಿರೋ ಜನರ ಮನೆ ಕಂಪ್ಯೂಟರಿಗೆ ಇಂಟರ್ನೆಟ್ ಮೂಲಕ ಕಳಿಸ್ತಾರೆ. ನಮ್ಮ ಕಂಪ್ಯೂಟರ್ ಬಿಡುವಿದ್ದಾಗ ಆ ತುಂಡು ಮುಗಿಸಿ ವಾಪಸ್ ಕಳಿಸುತ್ತೆ. ಅವರು ಎಲ್ಲವನ್ನೂ ಜೋಡಿಸ್ಕೋತಾರೆ."

ಕಿಟಕಿಯ ಪಕ್ಕದಿಂದ ತಂಗಿ ಅಂದಳು: "ನಾವು ಯೂನಿಫಾರ್ಮ್ ಹೊಲಿದ ಹಾಗೆ. ದೊಡ್ಡ ಆರ್ಡರ್ ಬಂದಾಗ ಕಾಲರ್ ಒಂದು ಮನೆಗೆ, ತೋಳು ಒಂದು ಮನೆಗೆ, ಕಾಜಾ ನನಗೆ."

"ಅದೇ ನೋಡಿ. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ್ರಿ."

"ಒಂದು ಮನೆಯವರು ವಕ್ರವಕ್ರವಾಗಿ ಹೊಲಿದು ಕೊಟ್ರೆ?" ಟೇಲರಮ್ಮ ಬಿಡಲಿಲ್ಲ. ಅವಳಿಗೆ ಅಂಥವರ ಅನುಭವ ಬೇಕಾದಷ್ಟಿತ್ತು.

"ಅದಕ್ಕೇ ಎಷ್ಟೋ ಕಡೆ ಒಂದೇ ತುಂಡನ್ನ ಎರಡು ಮನೆಗೆ ಕಳಿಸ್ತಾರೆ. ಎರಡೂ ಉತ್ತರ ತಾಳೆ ಆದ್ರೆ ಮಾತ್ರ ಇಟ್ಕೊಳ್ಳೋದು."

ತಂಗಿ ಗುಂಡಿಗಳ ತಟ್ಟೆಯನ್ನು ಪಕ್ಕಕ್ಕಿಟ್ಟಳು. "ಮೇಷ್ಟ್ರೇ, ನನ್ನಂಥ ಕಾಯಿಲೆಗೂ ಇಂಥ ಕೆಲಸ ನಡೆಯುತ್ತಾ?"

"ನಡೆಯುತ್ತೆ. ನಮ್ಮ ಮೈಯೊಳಗೆ ಪ್ರೋಟೀನ್ ಅಂತ ಇರುತ್ತಲ್ಲ, ಅದು ಉದ್ದನೆಯ ದಾರದ ಹಾಗೆ ಹುಟ್ಟಿ, ಆಮೇಲೆ ತಾನೇ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತೆ. ಎಷ್ಟೋ ನರದ ಕಾಯಿಲೆಗಳಲ್ಲಿ ಆ ಮಡಿಕೆ ತಪ್ಪಿರುತ್ತೆ. ಎಲ್ಲಿ ತಪ್ಪುತ್ತೆ, ಹೇಗೆ ತಪ್ಪುತ್ತೆ ಅಂತ ನೋಡೋಕೇ ಇಷ್ಟೆಲ್ಲ ಲೆಕ್ಕ."

"ನೆರಿಗೆ ತಪ್ಪಿದ ಹಾಗೆ" ಎಂದಳು ತಂಗಿ ಮೆಲ್ಲಗೆ. ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. "ಅಕ್ಕ, ನಮ್ಮ ಕಂಪ್ಯೂಟರಿಗೂ ಒಂದು ತುಂಡು ತರಿಸೋಣ್ವಾ? ನಾನು ಮಾಡೋಕಾಗದಿದ್ರೆ ಅದಾದ್ರೂ ಮಾಡಲಿ."

ಟೇಲರಮ್ಮ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಅಂದರೆ ಮಾತು ಉದ್ದ ಇದೆ ಎಂದರ್ಥ.

"ಇದಕ್ಕೆ ದುಡ್ಡು ಕೊಡ್ತಾರಾ?"

"ಇಲ್ಲ. ಇದು ಪುಕ್ಕಟೆ ಸೇವೆ. ಲಾಭ ಬರುತ್ತೆ, ಬಹುಮಾನ ಬರುತ್ತೆ ಅಂತ ಯಾರಾದ್ರೂ ಆಸೆ ತೋರಿಸಿದ್ರೆ ಅದು ಬೇರೆ ವ್ಯಾಪಾರ, ಹತ್ತಿರ ಸೇರಿಸಬೇಡಿ."

"ಕರೆಂಟ್ ಬಿಲ್ಲು?"

"ಜಾಸ್ತಿ ಬರುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಎಷ್ಟು ಹೊತ್ತು ಮಾಡ್ಬೇಕು, ಎಷ್ಟು ಜೋರಾಗಿ ಮಾಡ್ಬೇಕು ಅನ್ನೋದು ನಮ್ಮ ಕೈಲಿದೆ. ಒಂದು ತಿಂಗಳು ನೋಡಿ, ಭಾರ ಅನಿಸಿದ್ರೆ ನಿಲ್ಲಿಸಿ. ಯಾರೂ ಮನೆ ಬಾಗಿಲಿಗೆ ಬಂದು ಕೇಳಲ್ಲ."

"ನಮ್ಮ ಡಿಸೈನ್ ಎಲ್ಲ ಅದರಲ್ಲಿದೆ. ನಾಳೆ ಎದುರಂಗಡಿಯವನ ಶರ್ಟಿನ ಮೇಲೆ ನನ್ನ ಹೂವು ಕಂಡ್ರೆ?"

"ಸರಿಯಾದ ಸಂಸ್ಥೆಯ ಪ್ರೋಗ್ರಾಮು ತಾನು ತಂದ ತುಂಡನ್ನಷ್ಟೇ ನೋಡ್ಕೊಳ್ಳುತ್ತೆ, ನಿಮ್ಮ ಡಿಸೈನ್ ಕಟ್ಕೊಂಡು ಅದಕ್ಕೇನಾಗ್ಬೇಕು. ಆದ್ರೆ ನಿಮ್ಮ ಭಯ ಸುಳ್ಳಲ್ಲ. ಕಂಪ್ಯೂಟರ್ ಒಳಗೆ ಬಿಟ್ಕೊಂಡ ಯಾವ ಪ್ರೋಗ್ರಾಮಾದ್ರೂ ಮನೆಯೊಳಗೆ ಕರೆದ ಮನುಷ್ಯನ ಹಾಗೇ. ಯಾರು, ಎಲ್ಲಿಯವನು ಅಂತ ಕೇಳದೆ ಕರೀಬಾರದು."

"ಹಾಗಾದ್ರೆ ಕರೆಯೋದೇ ಬೇಡ" ಎಂದಳು ಟೇಲರಮ್ಮ. ಮಾತು ಮುಗಿಯಿತು ಎನ್ನುವ ಹಾಗೆ ಕತ್ತರಿ ಎತ್ತಿಕೊಂಡಳು.

ತಂಗಿ ತಟ್ಟೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು, ಬೇರೆ ಮಾಡಿಟ್ಟಿದ್ದ ಗುಂಡಿಗಳನ್ನೆಲ್ಲ ಕೈಯಾಡಿಸಿ ಕಲಸಿಬಿಟ್ಟಳು. ಆ ಸದ್ದು ಟೇಲರಮ್ಮನಿಗೆ ತಡೆದುಕೊಳ್ಳಲು ಆಗಲಿಲ್ಲ. ತಿಂಗಳುಗಳಿಂದ ತಂಗಿ ಇಷ್ಟು ಮಾತಾಡಿದ್ದೇ ಇರಲಿಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು.

"ಹಾಳಾಗಿ ಹೋಗ್ಲಿ, ಭಾನುವಾರ ಬನ್ನಿ ಮೇಷ್ಟ್ರೇ. ಆದ್ರೆ ನನ್ನ ಅಂಗಡಿಗೆ ಒಂದು ಎಳೆ ತೊಂದರೆ ಆದ್ರೂ ಸರಿ, ಆವತ್ತೇ ಕಿತ್ತುಹಾಕಿಸ್ತೀನಿ."

ಭಾನುವಾರದ ತನಕ ಕಾಯುವ ತಾಳ್ಮೆ ಸೊಸೆಗಿರಲಿಲ್ಲ. ಫೋನಿನ ಯಾವುದೋ ಗುಂಪಿನಲ್ಲಿ ಅದೇ ಹೊತ್ತಿಗೆ ಒಂದು ಸಂದೇಶ ಬಂತು: ನಿಮ್ಮ ಕಂಪ್ಯೂಟರಿನ ಶಕ್ತಿ ದಾನ ಮಾಡಿ, ರೋಗಿಗಳನ್ನು ಉಳಿಸಿ, ಇಲ್ಲಿ ಒತ್ತಿ. ಕಂಪ್ಯೂಟರಿನಲ್ಲಿ ತೆರೆದು ಒತ್ತಿದಳು. ಮೊದಲು ವೈರಸ್ ತಡೆಯುವ ಪ್ರೋಗ್ರಾಮನ್ನು ನಿಲ್ಲಿಸಿ ಎಂದಿತು. ಆಮೇಲೆ, ಗೌರವಧನ ಕಳಿಸಲು ಬ್ಯಾಂಕಿನ ವಿವರ ತುಂಬಿ ಎಂದಿತು. ಸೊಸೆ ಎದ್ದು ಬ್ಯಾಂಕಿನ ಪಾಸ್‌ಬುಕ್ ಹುಡುಕುತ್ತಿದ್ದಾಗ ತಂಗಿ ಕೂತಲ್ಲಿಂದಲೇ ಕೇಳಿದಳು: "ಮೇಷ್ಟ್ರು ಪುಕ್ಕಟೆ ಅಂದಿದ್ರಲ್ಲಮ್ಮ. ಇವನು ಯಾಕೆ ಬ್ಯಾಂಕ್ ಕೇಳ್ತಾನೆ?"

ಸೊಸೆ ಮೇಷ್ಟ್ರಿಗೆ ಫೋನ್ ಮಾಡಿದಳು. "ಮುಟ್ಟಬೇಡಿ, ಮುಚ್ಚಿಬಿಡಿ. ಮನೆ ಕಾಯೋ ನಾಯಿಯನ್ನ ಮೊದಲು ಕಟ್ಟಿಹಾಕು ಅನ್ನೋನು ಎಂಥ ನೆಂಟ ಅಂತ ನೀವೇ ಯೋಚಿಸಿ" ಎಂದರು ಅವರು. ಈ ವಿಷಯ ಅತ್ತೆಯ ಕಿವಿಗೆ ಬೀಳದಂತೆ ಸೊಸೆ ಮತ್ತು ಚಿಕ್ಕತ್ತೆ, ಅಂದರೆ ತಂಗಿ, ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಅತ್ತೆಗೆ ಆವತ್ತೇ ಗೊತ್ತಾಗಿತ್ತು, ಆ ಮಾತು ಬೇರೆ.

ಭಾನುವಾರ ಮೇಷ್ಟ್ರು ಬಂದರು. ಮೊದಲ ಕೆಲಸವಾಗಿ ಡಿಸೈನುಗಳನ್ನೆಲ್ಲ ಬೇರೆ ಪೆನ್ ಡ್ರೈವಿಗೆ ನಕಲು ಮಾಡಿಸಿ ಟೇಲರಮ್ಮನ ಕೈಗೇ ಕೊಟ್ಟರು. "ಇದು ನಿಮ್ಮ ಬೀರುವಿನಲ್ಲಿರಲಿ. ವಾರಕ್ಕೊಂದ್ಸಲ ಹೊಸದನ್ನೂ ಸೇರಿಸಿ. ಈ ಕೆಲಸ ಇರಲಿ ಬಿಡಲಿ, ಕಂಪ್ಯೂಟರ್ ಇಟ್ಟೋರು ಮಾಡಲೇಬೇಕಾದ್ದು ಇದು." ಆಮೇಲೆ ಯೋಜನೆಯ ಸ್ವಂತ ವೆಬ್‌ಸೈಟಿನ ವಿಳಾಸವನ್ನು ಅಕ್ಷರ ಅಕ್ಷರವಾಗಿ ತಾವೇ ಟೈಪ್ ಮಾಡಿ, ಅದನ್ನು ನಡೆಸುತ್ತಿರುವುದು ಯಾವ ವಿಶ್ವವಿದ್ಯಾಲಯ, ಇಲ್ಲಿಯವರೆಗೆ ಏನೇನು ಪ್ರಕಟಿಸಿದ್ದಾರೆ ಎಂದು ಸೊಸೆಗೆ ಓದಿ ತೋರಿಸಿದರು. ಪ್ರೋಗ್ರಾಮನ್ನು ಅಲ್ಲಿಂದಲೇ ಇಳಿಸಿಕೊಂಡರು. ಬೇರೆಲ್ಲೂ ಬಳಸದ ಒಂದು ಪಾಸ್‌ವರ್ಡ್ ಇಡಿಸಿದರು. ಯಾರಾದರೂ ಮೌಸ್ ಮುಟ್ಟಿದ ಕೂಡಲೇ ಕೆಲಸ ನಿಲ್ಲಬೇಕು, ಕಂಪ್ಯೂಟರಿನ ಅರ್ಧ ಶಕ್ತಿಗಿಂತ ಹೆಚ್ಚು ಬಳಸಬಾರದು, ಸಂಜೆ ಅಂಗಡಿ ಮುಚ್ಚಿದ ಮೇಲೆ ಮಾಡಬಾರದು, ಹೀಗೆ ಒಂದೊಂದಾಗಿ ಮಿತಿ ಹಾಕಿದರು.

"ನಿಮ್ಮ ಸ್ಕೂಲಲ್ಲಿ ಅಷ್ಟೊಂದು ಕಂಪ್ಯೂಟರ್ ಇದೆ, ಅದರಲ್ಲೆಲ್ಲ ಹಾಕಿದೀರಾ?" ಟೇಲರಮ್ಮ ಕುಟುಕಿದಳು.

"ಹೆಡ್‌ಮೇಷ್ಟ್ರನ್ನ ಕೇಳಿದೆ, ಬೇಡ ಅಂದ್ರು. ಅವು ನನ್ನವಲ್ಲವಲ್ಲ. ಯಜಮಾನರು ಒಪ್ಪದೆ ಹಾಕಬಾರದು, ಅದು ದಾನ ಆಗಲ್ಲ."

ಆ ಉತ್ತರ ಟೇಲರಮ್ಮನಿಗೆ ಹಿಡಿಸಿತು, ಆದರೆ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಹೋಗುವಾಗ ಮೇಷ್ಟ್ರು ಅಂದರು: "ಕೆಲಸ ಮಾಡುವಾಗ ಸ್ವಲ್ಪ ಬಿಸಿ ಆಗುತ್ತೆ. ಸುತ್ತ ಗಾಳಿ ಆಡೋ ಹಾಗಿರಲಿ." ಟೇಲರಮ್ಮ ಕಿಟಕಿಯತ್ತ ನೋಡಿದಳು. ತೆರೆದೇ ಇತ್ತು. ಸರಿ, ಅಷ್ಟು ಸಾಕು ಎಂದುಕೊಂಡಳು.

ಮೊದಲ ಕೆಲವು ದಿನ ಎಲ್ಲ ಚೆನ್ನಾಗಿತ್ತು. ತಂಗಿಯ ಕುರ್ಚಿ ಕಿಟಕಿಯ ಪಕ್ಕದಿಂದ ಕಂಪ್ಯೂಟರಿನ ಪಕ್ಕಕ್ಕೆ ಬಂತು. ಪರದೆಯ ಮೇಲೆ ತುಂಡು ಎಷ್ಟು ಮುಗಿದಿದೆ ಎಂದು ತೋರಿಸುವ ಒಂದು ಪಟ್ಟಿ ಇತ್ತು. ಅದು ಮುಂದೆ ಸರಿಯುವುದನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಒಂದು ತುಂಡು ಮುಗಿದು ಹೋದರೆ "ಹೋಯ್ತು ಅಕ್ಕ" ಎನ್ನುತ್ತಿದ್ದಳು. ಹಿಂದೆ ಕಾಜಾ ಮುಗಿಸಿದ ಶರ್ಟನ್ನು ಮಡಚಿಡುವಾಗ ಹೇಳುತ್ತಿದ್ದ ಧಾಟಿಯೇ ಅದು.

ಟೇಲರಮ್ಮನ ಮನಸ್ಸು ಕರಗಿತು. ಕರಗಿದ ಮನಸ್ಸಿನಲ್ಲಿ ಅವಳು ಏನು ಮಾಡುವವಳು? ತನಗೆ ಬರುವುದನ್ನೇ ಮಾಡಿದಳು. ಪಾಪ, ಈ ಯಂತ್ರ ನನ್ನ ತಂಗಿಯ ಕಾಯಿಲೆಗಾಗಿ ದುಡಿಯುತ್ತಿದೆ, ಇದರ ಮೇಲೆ ಧೂಳು ಬೀಳಬಾರದು ಎಂದು ಕಂಪ್ಯೂಟರಿನ ಪೆಟ್ಟಿಗೆಗೆ ಒಂದು ಹೊಸ ಕವರು ಹೊಲಿದಳು. ಎರಡು ಪದರ, ನಡುವೆ ತೆಳುವಾಗಿ ಹತ್ತಿ, ಅಂಚಿನ ಸುತ್ತ ಕೆಂಪು ಪಟ್ಟಿಯ ಪೈಪಿಂಗು. ಅಳತೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ ಗಾಳಿ ನುಸುಳಲೂ ಸಂದಿ ಇರಲಿಲ್ಲ. ಹಳೆಯ ಕವರನ್ನು ಅವಳು ಕಂಪ್ಯೂಟರ್ ಆರಿಸಿದ ಮೇಲಷ್ಟೇ ಹೊದಿಸುತ್ತಿದ್ದಳು. ಇದನ್ನು, ಮಧ್ಯಾಹ್ನ ಬಟ್ಟೆ ಕತ್ತರಿಸುವ ಹೊತ್ತಿಗೆ, ಅದು ಕೆಲಸ ಮಾಡುತ್ತಿರುವಾಗಲೇ ತೊಡಿಸಿದಳು.

ಆವತ್ತು ಸಂಜೆಗೆ ಒಂದು ಆಟದ ತಂಡದ ಬ್ಯಾಡ್ಜುಗಳನ್ನು ಕೊಡಬೇಕಿತ್ತು. ಮಾರನೆಯ ಬೆಳಿಗ್ಗೆ ಅವರ ಪಂದ್ಯ. ಊಟ ಮುಗಿಸಿ ಎಲ್ಲರೂ ಬಂದು ನೋಡಿದರೆ ಪರದೆ ಕಪ್ಪಾಗಿತ್ತು. ಸೊಸೆ ಕವರಿನ ಅಂಚು ಎತ್ತಿ ಗುಂಡಿ ಒತ್ತಿದಳು. ಒಂದು ಕ್ಷಣ ದೀಪ ಹತ್ತಿ ಆರಿತು. ಮತ್ತೆ ಒತ್ತಿದಳು. ಅದೂ ಇಲ್ಲ.

"ಬ್ಯಾಡ್ಜಿನ ಡಿಸೈನು?" ಟೇಲರಮ್ಮ ಕೇಳಿದಳು.

"ಬೆಳಿಗ್ಗೆ ತಾನೇ ಮುಗಿಸಿದ್ದೆ ಅತ್ತೆ. ಇನ್ನೂ ಪೆನ್ ಡ್ರೈವಿಗೆ ಹಾಕಿರಲಿಲ್ಲ."

ಟೇಲರಮ್ಮನ ಪಿತ್ತ ನೆತ್ತಿಗೇರಿತು. ತಿರುಗಿ ನೋಡಿದರೆ ತಂಗಿ, ನಡುಗುವ ಕೈಗಳನ್ನು ಒಂದರೊಳಗೊಂದು ಹಿಡಿದುಕೊಂಡು ನಿಂತಿದ್ದಳು.

"ನಿನ್ನ ಹುಚ್ಚಿಗೆ ನನ್ನ ಅಂಗಡಿಯೇ ಬೇಕಿತ್ತಾ? ಸುಮ್ಮನೆ ಕೂತಿರೋಕೆ ಏನಾಗಿತ್ತು ನಿನಗೆ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ತಂಗಿ ಗೋಡೆ ಹಿಡಿದುಕೊಂಡು ಒಳಗಿನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೂಡ ಮೆಲ್ಲಗೇ ಬಂತು.

ಸೊಸೆ ಫೋನ್ ಮಾಡಿದ್ದೇ ತಡ, ಮೇಷ್ಟ್ರು ಶಾಲೆಯಿಂದ ನೇರವಾಗಿ ಬಂದರು. ಮೂಲೆಗೆ ಹೋಗಿ, ಬಗ್ಗಿ ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇದನ್ನ ಯಾರು ತೊಡಿಸಿದ್ದು?"

ಸೊಸೆ ಮೇಲಿನ ಸೂರು ನೋಡಿದಳು.

"ತುಂಬ ಚೆನ್ನಾಗಿದೆ. ಚಳಿಗಾಲಕ್ಕೆ ನನಗೂ ಒಂದು ಹೊಲಿದುಕೊಡಿ" ಎಂದು ಮೇಷ್ಟ್ರು ಕವರು ತೆಗೆದು ಪೆಟ್ಟಿಗೆ ಮುಟ್ಟಿ, ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡರು. ಪ್ಲಗ್ ಕಿತ್ತು ಪಕ್ಕಕ್ಕಿಟ್ಟರು. ಅದೇ ಬೋರ್ಡಿನಲ್ಲಿ ಇಸ್ತ್ರಿ ಪೆಟ್ಟಿಗೆಯೂ ಸಿಕ್ಕಿಕೊಂಡಿತ್ತು. ಅದನ್ನು ನೋಡಿ ತಲೆಯಾಡಿಸಿದರು. "ಇಸ್ತ್ರಿ ಪೆಟ್ಟಿಗೆಗೆ ಬೇರೆ ಜಾಗ ಕೊಡಿ ಟೇಲರಮ್ಮ. ಒಂದೇ ಬೋರ್ಡಿನ ಮೇಲೆ ಇಷ್ಟು ಭಾರ ಹಾಕಿದ್ರೆ ವೈರ್ ಸುಟ್ಟುಹೋಗುತ್ತೆ."

ಬಿಸಿ ಆರುವ ತನಕ ಕಾದು, ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆದರು. ಒಳಗೆ ಬಿಸಿಗಾಳಿ ಹೊರಹಾಕುವ ಪುಟ್ಟ ಫ್ಯಾನಿನ ಮೇಲೆ ನೂಲಿನ ಧೂಳು ಕಂಬಳಿಯಂತೆ ಕಟ್ಟಿಕೊಂಡಿತ್ತು. ಟೇಲರಮ್ಮ ಕನ್ನಡಕ ಏರಿಸಿ ನೋಡಿದಳು. ನೀಲಿ ಎಳೆ ಹೋದ ವರ್ಷದ ಯೂನಿಫಾರ್ಮಿನದು. ಅದರ ಮೇಲಿನ ಹಸಿರು, ಆಸ್ಪತ್ರೆಯ ಪರದೆಗಳದು. ಮೇಲುಗಡೆ ಕೆಂಪು, ಮೊನ್ನೆಯ ಪೈಪಿಂಗಿನದು.

"ಕೆಟ್ಟಿದೆಯಾ?" ಅವಳು ಕೇಳಿದಳು.

"ಕೆಟ್ಟಿರಲಾರದು. ಬಿಸಿ ಮಿತಿ ಮೀರಿದ್ರೆ ಇದು ತಾನೇ ಆರಿಹೋಗುತ್ತೆ, ತನ್ನನ್ನ ಉಳಿಸ್ಕೊಳ್ಳೋಕೆ. ಆ ಲೆಕ್ಕದ ಕೆಲಸದಿಂದ ಬಿಸಿ ಆಗಿದ್ದು ಹೌದು. ಆದ್ರೆ ಆ ಬಿಸಿ ಹೊರಗೆ ಹೋಗೋ ದಾರಿ ಧೂಳಿನಿಂದ ಅರ್ಧ ಮುಚ್ಚಿತ್ತು, ಉಳಿದರ್ಧ ನೀವು ಹೊಲಿದುಬಿಟ್ರಿ. ನಂದೂ ತಪ್ಪಿದೆ. ಹೊಲಿಗೆ ಮನೆ ಅಂತ ಗೊತ್ತಿದ್ದೂ ಭಾನುವಾರವೇ ಬಿಚ್ಚಿ ನೋಡ್ಬೇಕಿತ್ತು."

ಮೆತ್ತನೆಯ ಬ್ರಷ್ಷಿನಲ್ಲಿ ಧೂಳೆಲ್ಲ ತೆಗೆದು, ತಗಡು ಮುಚ್ಚಿ, ಪ್ಲಗ್ ಹಾಕಿ ಗುಂಡಿ ಒತ್ತಿದರು. ಪರದೆ ಬೆಳಗಿತು. ಬ್ಯಾಡ್ಜಿನ ಡಿಸೈನು ಇದ್ದಲ್ಲೇ ಇತ್ತು. ಸೊಸೆ ಅದನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಓಡಿದಳು. ಕಸೂತಿ ಮೆಷಿನ್ನು ಟಕಟಕ ಶುರುಮಾಡಿತು.

ಟೇಲರಮ್ಮ ಒಳಗಿನ ಕೋಣೆಯ ಬಾಗಿಲು ತಳ್ಳಿದಳು. ತಂಗಿ ಮಂಚದ ಅಂಚಿನಲ್ಲಿ ಕೂತಿದ್ದಳು. ಟೇಲರಮ್ಮ ಪಕ್ಕದಲ್ಲಿ ಕೂತು, ಅವಳ ಎರಡೂ ಕೈಗಳನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ತಪ್ಪು ನಂದು ಕಣೇ. ನಾನೇ ಅದಕ್ಕೆ ಉಸಿರುಗಟ್ಟಿಸಿದ್ದು, ಬೈಸ್ಕೊಂಡಿದ್ದು ನೀನು. ನನ್ನ ಬಾಯಿಗೆ ಬುದ್ಧಿ ಇಲ್ಲ."

"ಬಿಡು ಅಕ್ಕ. ಆದ್ರೆ ಅದನ್ನ ತೆಗೆಸಿಬಿಡು. ನನ್ನಿಂದ ಅಂಗಡಿಗೆ ತೊಂದರೆ ಆಗೋದು ನನಗೆ ಬೇಡ."

ಹೊರಡಲು ಬಂದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಟೇಲರಮ್ಮ ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು.

"ಮೇಷ್ಟ್ರೇ, ನಿಜ ಹೇಳಿ. ಇದರಿಂದ ಇವಳ ಕೈ ವಾಸಿ ಆಗುತ್ತಾ?"

"ಆಗುತ್ತೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಇವತ್ತಿನ ಲೆಕ್ಕ ಔಷಧಿ ಆಗಿ ಬರೋಕೆ ಎಷ್ಟೋ ವರ್ಷ ಬೇಕು. ಬರದೇನೂ ಇರಬಹುದು. ಬಂದ್ರೂ ಅದು ನಮಗಿಂತ ಚಿಕ್ಕೋರಿಗೆ. ಇವರ ಮಾತ್ರೆ, ಡಾಕ್ಟರು ಹೇಳಿದ ಕಸರತ್ತು, ಅದು ಹಾಗೇ ನಡೀತಿರ್ಬೇಕು."

ಟೇಲರಮ್ಮನ ಮುಖ ಸಪ್ಪಗಾಯಿತು. ಅವಳು ಬಾಯಲ್ಲಿ ಎಷ್ಟೇ ಬೇಡ ಅಂದಿದ್ದರೂ ಒಳಗೊಳಗೇ ಅದೊಂದು ಆಸೆ ಇಟ್ಟುಕೊಂಡಿದ್ದಳು. "ಮತ್ತೆ ಯಾಕೆ ಬೇಕು ಇದೆಲ್ಲ? ಇವಳಿಗೆ ಸಿಗದ ಮೇಲೆ?"

ತಂಗಿ ಅಕ್ಕನ ಕಡೆ ತಿರುಗಿದಳು.

"ಅಕ್ಕ, ನಾನು ಇಷ್ಟು ವರ್ಷ ಕಾಜಾ ಹಾಕಿದೆ. ಆ ಶರ್ಟುಗಳಲ್ಲಿ ಒಂದನ್ನಾದ್ರೂ ನಾನು ತೊಟ್ಟಿದ್ದೀನಾ?"

ಟೇಲರಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಯಾವುದೋ ಮನೆಯ ಮಗು ತೊಟ್ಕೊಂಡು ಸ್ಕೂಲಿಗೆ ಹೋಯ್ತು. ಅದರ ಮುಖ ನಮಗೆ ಗೊತ್ತಿಲ್ಲ. ಆಗ ನೀನು ಯಾಕೆ ಬೇಕು ಅಂತ ಕೇಳಲಿಲ್ಲ. ಚೆನ್ನಾಗಿ ಹಾಕು, ಮಗು ಎಳೆದಾಡುತ್ತೆ, ಬಿಚ್ಕೋಬಾರದು ಅಂತಿದ್ದೆ."

ಟೇಲರಮ್ಮನ ಕಣ್ಣು ತುಂಬಿಬಂತು. ಸೆರಗಿನಿಂದ ಒರೆಸಿಕೊಂಡು, ಮೂಗು ಸೀಟಿಕೊಂಡು, ಎಂದಿನ ಗಂಟಲು ತೆಗೆದು ಮುಂದಿನ ಕೋಣೆಗೆ ಕೂಗಿದಳು: "ಬ್ಯಾಡ್ಜು ಮುಗಿದ ಮೇಲೆ ಆ ಕೆಲಸ ಮತ್ತೆ ಹಚ್ಚಮ್ಮ. ಇನ್ಮೇಲೆ ಆ ಕಂಪ್ಯೂಟರಿನ ಉಸ್ತುವಾರಿ ಎಲ್ಲ ನಿನ್ನ ಚಿಕ್ಕತ್ತೆದು. ನಾನು ಹತ್ತಿರ ಬಂದ್ರೂ ಬೈಯಲಿ."

ತಂಗಿ ಆ ಮಾತನ್ನು ಅಕ್ಷರಶಃ ಪಾಲಿಸಿದಳು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಪೆಟ್ಟಿಗೆಯ ಹಿಂಬದಿಗೆ ಅಂಗೈ ಹಿಡಿದು ಗಾಳಿ ಹೊರಗೆ ಬರುತ್ತಿದೆಯೇ ನೋಡುತ್ತಾಳೆ. ಜಾಸ್ತಿ ಬಿಸಿ ಅನಿಸಿದರೆ ಕೆಲಸ ನಿಲ್ಲಿಸು ಎಂದು ಸೊಸೆಗೆ ಹೇಳುತ್ತಾಳೆ. ವಾರಕ್ಕೊಮ್ಮೆ ಪ್ಲಗ್ ತೆಗೆಸಿ ಧೂಳು ತೆಗೆಸುತ್ತಾಳೆ, ಡಿಸೈನುಗಳ ನಕಲು ಬೀರು ಸೇರಿತೇ ಎಂದು ವಿಚಾರಿಸುತ್ತಾಳೆ. ಗುಂಡಿಗಳನ್ನು ಕಲಸುವುದು ನಿಂತಿದೆ. ಬಟ್ಟೆ ಕೊಡಲು ಬಂದ ನೆರೆಯವರು ಇದೇನಮ್ಮ ಎಂದು ಕೇಳಿದರೆ ತುಂಡು, ತಾಳೆ, ಮಡಿಕೆ ಎಂದು ವಿವರಿಸಲು ಕೂರುತ್ತಾಳೆ. ಅವರು ಬಟ್ಟೆಯ ಅಳತೆ ಕೊಡುವುದನ್ನೇ ಮರೆತು ಹೋಗುತ್ತಾರೆ ಎನ್ನುವುದು ಟೇಲರಮ್ಮನ ಹೊಸ ದೂರು.

ಮೊನ್ನೆ ಒಬ್ಬಾಕೆ ಕೇಳಿದಳು: "ಅಲ್ಲಮ್ಮ, ನಿಮ್ಮ ಮನೆಯ ತುಂಡು ತಾಳೆ ಆಯ್ತು ಅಂತೀರಲ್ಲ, ಆ ಇನ್ನೊಂದು ಮನೆ ಯಾರದ್ದು?"

"ಗೊತ್ತಿಲ್ಲಮ್ಮ. ಯಾವ ದೇಶವೋ, ಯಾವ ಬೀದಿಯೋ. ಅವರ ಮನೇಲೂ ಯಾರಿಗೋ ಕೈ ನಡುಗುತ್ತೋ ಏನೋ" ಎಂದಳು ತಂಗಿ. "ನಮ್ಮ ಥರಾನೇ ಒಂದು ಮನೆ ಇದೆ, ಅಷ್ಟು ಗೊತ್ತು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಂಪ್ಯೂಟರೂ ದಿನದ ಬಹುಪಾಲು ಹೀಗೆ ಸುಮ್ಮನೆ ಆನ್ ಆಗಿರಬಹುದು. ಮನಸ್ಸಿದ್ದರೆ ಆ ಬಿಡುವನ್ನು ಸಂಶೋಧನೆಗೆ ಕೊಡಿ. ಆದರೆ ಕಣ್ಣು ಮುಚ್ಚಿಕೊಂಡು ಕೊಡಬೇಡಿ. ಫೋನಿಗೆ ಬಂದ ಲಿಂಕ್ ಒತ್ತಬೇಡಿ, ಯೋಜನೆಯ ಸ್ವಂತ ವೆಬ್‌ಸೈಟಿಗೆ ನೀವೇ ಹೋಗಿ, ನಡೆಸುವವರು ಯಾರೆಂದು ಓದಿ ನೋಡಿ. ದುಡ್ಡು ಕೇಳಿದರೂ, ದುಡ್ಡು ಕೊಡುತ್ತೇವೆ ಎಂದರೂ ಬಾಗಿಲು ಹಾಕಿ. ವೈರಸ್ ತಡೆಯುವ ಪ್ರೋಗ್ರಾಮನ್ನು ಯಾರು ಹೇಳಿದರೂ ನಿಲ್ಲಿಸಬೇಡಿ. ನಿಮ್ಮ ಫೈಲುಗಳ ನಕಲು ಮೊದಲೇ ತೆಗೆದಿಡಿ. ಕಚೇರಿಯದೋ ಶಾಲೆಯದೋ ಕಂಪ್ಯೂಟರಾದರೆ ಯಜಮಾನರ ಒಪ್ಪಿಗೆ ಪಡೆಯಿರಿ. ಶಕ್ತಿಗೂ ಹೊತ್ತಿಗೂ ಮಿತಿ ಹಾಕಿ, ಕರೆಂಟ್ ಬಿಲ್ಲಿನ ಮೇಲೆ ಕಣ್ಣಿಡಿ, ಗಾಳಿ ಆಡಲು ಬಿಡಿ. ತೀರಾ ಹಳೆಯ ಕಂಪ್ಯೂಟರಾದರೆ ಅದರ ಪಾಡಿಗೆ ಅದನ್ನು ಬಿಡಿ. ಗೊತ್ತಾಗದಿದ್ದರೆ ಗೊತ್ತಿದ್ದವರನ್ನು ಮನೆಗೆ ಕರೆದು ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ.

ಇಷ್ಟು ಮಾಡಿ, ಒಂದು ತುಂಡು ತರಿಸಿಕೊಳ್ಳಿ. ಅದರ ಫಲ ನಿಮ್ಮ ಮನೆಗೆ ಬರದಿರಬಹುದು. ಎಲ್ಲಿಯೋ ಒಂದು ಮನೆಯಲ್ಲಿ, ನೀವು ಎಂದೂ ನೋಡದ ಯಾರೋ ಒಬ್ಬರು, ನಡುಗದ ಕೈಯಲ್ಲಿ ತಮ್ಮ ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳುವ ದಿನ ಬಂದರೆ, ಆ ಕೆಲಸದಲ್ಲಿ ನಿಮ್ಮ ಮನೆಯದೂ ಒಂದು ಪಾಲಿರುತ್ತದೆ.